ಅಜ್ಜನ ಬಿದಿರಿನ ಅಳತೆ, ನನ್ನ ನಾಲ್ಕು ಡಬ್ಬ

ಪೀಣ್ಯದಲ್ಲಿ ನಮ್ಮ ಭಾವನದ್ದೊಂದು ಲೇತ್ ಶೆಡ್ ಇದೆ. ಭಾನುವಾರ ರಜೆ. ಶಟರ್ ಎಳೆದುಕೊಂಡರೆ ಒಳಗೆ ಗೋಡೆಯಿಂದ ಗೋಡೆಗೆ ಹನ್ನೆರಡು ಮೀಟರ್ ಸಿಗುತ್ತದೆ. ಗಾಳಿ ಬಂದೂಕಿನಲ್ಲಿ ಗುರಿ ಹೊಡೆದು ನೋಡಲು ನನಗೆ ಬೇಕಿದ್ದದ್ದು ಹತ್ತೇ. ಬೆಂಗಳೂರಿನಲ್ಲಿ ಹತ್ತು ಮೀಟರ್ ಖಾಲಿ ಜಾಗ ಪುಕ್ಕಟೆ ಸಿಗುವುದು ಸಣ್ಣ ಮಾತಲ್ಲ, ಅಲ್ವಾ?

ಬಂದೂಕು ಅಪ್ಪನದ್ದು. 80ರ ದಶಕದಲ್ಲಿ ಕೊಂಡಿದ್ದ ಗಾಳಿ ಬಂದೂಕು. ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವಂಥದ್ದು, 4.5 ಮಿ.ಮೀ. ಕೊಪ್ಪದ ಮನೆಯ ಅಟ್ಟದಲ್ಲಿ ಇಪ್ಪತ್ತು ವರ್ಷ ಗೋಣಿಚೀಲದೊಳಗೆ ಮಲಗಿತ್ತು. ಕಳೆದ ದೀಪಾವಳಿಗೆ ಹೋದಾಗ ಎತ್ತಿಕೊಂಡು ಬಂದೆ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ತೂತು 4.5 ಮಿ.ಮೀ., ಶಕ್ತಿ 20 ಜೂಲ್ ದಾಟದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ. ಹಾಗಂತ ತಾರಸಿಯ ಮೇಲೆ ನಿಂತು ಹೊಡೆಯುವ ಸಾಮಾನಲ್ಲ ಇದು. ಗುಂಡು ನೂರಾರು ಮೀಟರ್ ಹೋಗುತ್ತದೆ. ಕಾಡಿನ ಹಕ್ಕಿ, ಪ್ರಾಣಿಗಳ ಮಾತು ಎತ್ತಲೇಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ. ನನ್ನ ಗುರಿ ಕಾಗದ ಮಾತ್ರ.

ನನಗಿದ್ದ ಪ್ರಶ್ನೆ ಇಷ್ಟೇ. ಈ ಬಂದೂಕಿಗೆ ಯಾವ ಗುಂಡು ಒಗ್ಗುತ್ತದೆ?

ಇದು ತಲೆಗೆ ಹೊಕ್ಕಿದ್ದು ಅಜ್ಜನಿಂದ. ಅಜ್ಜನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಟ್ಟು, ಗಜ ಎನ್ನುವ ಕೋಲು ಹಾಕಿ ಜಡಿದು, ಕಿಡಿ ಹಚ್ಚುವ ಪುಟ್ಟ ಕೇಪು ಸಿಕ್ಕಿಸಿ, ಕುದುರೆ ಎಳೆದು ಹೊಡೆಯುವಂಥದ್ದು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು, ಮುಗಿದ ಮೇಲೆ ತರಬೇಕು. ತರುವಾಗ ಅಜ್ಜ ಬಸ್ಸಿನಲ್ಲಿ ಕೋವಿಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಕೂರುತ್ತಿದ್ದರು.

ಮದ್ದು ಅಳೆಯಲು ಅವರಲ್ಲಿ ಹೆಬ್ಬೆರಳು ಗಾತ್ರದ ಒಂದು ಬಿದಿರಿನ ತುಂಡಿತ್ತು. ಒಂದು ಕಡೆ ಗಂಟು, ಇನ್ನೊಂದು ಕಡೆ ಬಾಯಿ. ತುಂಬಿ, ಬೆರಳಿನಿಂದ ಸವರಿ, ಸುರಿಯುವುದು. ಮೊದಲು ಉದ್ದ ಇದ್ದ ಬಿದಿರನ್ನು ಸ್ವಲ್ಪ ಸ್ವಲ್ಪವೇ ಕೊಯ್ದು, ಪ್ರತಿ ಸಲ ಹಲಗೆಗೆ ಹೊಡೆದು ನೋಡಿ, ಕೊನೆಗೆ ಆ ಉದ್ದಕ್ಕೆ ನಿಲ್ಲಿಸಿದ್ದರಂತೆ. ಈಗ ಯೋಚಿಸಿದರೆ ಅದು ಅಪಾಯದ ದಾರಿ. ಕಡಿಮೆಯಿಂದ ಜಾಸ್ತಿಗೆ ಹೋಗಬೇಕೇ ಹೊರತು ಜಾಸ್ತಿಯಿಂದ ಇಳಿಯಬಾರದು. ಅವರ ಪುಣ್ಯ, ನಳಿಗೆ ಗಟ್ಟಿ ಇತ್ತು. ಗಜದ ಮೇಲೂ ಚಾಕುವಿನ ಒಂದು ಗೀರಿತ್ತು. ಸರಿಯಾಗಿ ಜಡಿದಿದ್ದರೆ ಆ ಗೀರು ನಳಿಗೆಯ ಬಾಯಿಗೆ ಸಮ ಬರಬೇಕು. ಮೇಲೆ ನಿಂತರೆ ಗುಂಡು ಮದ್ದಿನ ಮೇಲೆ ಕೂತಿಲ್ಲ, ನಡುವೆ ಖಾಲಿ ಇದೆ ಎಂದರ್ಥ. ಹಾಗೇ ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಅಮೆರಿಕದಲ್ಲಿ ಇಂಥ ಬಾಯಿ ತುಂಬುವ ಬೇಟೆ ರೈಫಲ್‌ಗಳ ಚಾಳಿ ಇವತ್ತಿಗೂ ಇದೆ. ಅವರ ಕ್ರಮವೂ ಅಜ್ಜನದ್ದೇ, ದಿಕ್ಕು ಮಾತ್ರ ಸರಿ. ಅರ್ಧ ಇಂಚಿನ ನಳಿಗೆಯಾದರೆ ಸುಮಾರು 50 ಗ್ರೇನ್ (ತೂಕದ ಹಳೆಯ ಅಳತೆ) ಕರಿಮದ್ದಿನಿಂದ ಶುರು. ಅಲ್ಲಿಂದ ಐದೈದು ಗ್ರೇನ್ ಏರಿಸುತ್ತ, ತಯಾರಕರು ಹೇಳಿದ ಮಿತಿಯ ಒಳಗೇ ಇದ್ದು, ಪ್ರತಿ ಅಳತೆಗೂ ಒಂದು ಗುಂಪು ಹೊಡೆದು ನೋಡುವುದು. ಗುಂಪು ಎಂದರೆ ಒಂದೇ ಗುರಿಗೆ ಹೊಡೆದ ಹಲವು ಏಟಿನ ತೂತುಗಳು, ಒಂದಕ್ಕೊಂದು ಹತ್ತಿರ ಬಿದ್ದಷ್ಟೂ ಒಳ್ಳೆಯದು. ಗ್ರೇನ್ ಎಂದು ಕರೆದರೂ ಮದ್ದನ್ನು ತೂಗುವುದಿಲ್ಲ, ಅಳೆಯುತ್ತಾರೆ, ಬಿದಿರಿನ ಲೆಕ್ಕದಲ್ಲೇ. ದುಂಡು ಗುಂಡಿಗೆ ಸುತ್ತುವ ಎಣ್ಣೆಬಟ್ಟೆಯ ದಪ್ಪ ಬದಲಾದರೂ ಗುಂಪು ಬದಲಾಗುತ್ತದೆ. ಒಂದೊಂದು ಏಟಿನ ನಡುವೆ ಒದ್ದೆ ಬಟ್ಟೆಯಲ್ಲಿ ನಳಿಗೆ ಒರೆಸದಿದ್ದರೆ ಮಸಿ ಕಟ್ಟಿ ಮತ್ತೆ ಬದಲಾಗುತ್ತದೆ. ಗುಂಡನ್ನು ತಿರುಗಿಸಲು ನಳಿಗೆಯ ಒಳಗೆ ಕೊರೆದ ಸುರುಳಿ ಗೀರು ಎಷ್ಟು ಉದ್ದಕ್ಕೆ ಒಂದು ಸುತ್ತು ಸುತ್ತುತ್ತದೆ ಎನ್ನುವುದೂ ಮುಖ್ಯ. 60 ಇಂಚಿಗೂ ಮೇಲೆ ಒಂದು ಸುತ್ತಾದರೆ ದುಂಡು ಗುಂಡಿಗೆ ಚೆನ್ನ. ಉದ್ದ ಗುಂಡಿಗೆ 28 ಇಂಚಿನ ಹತ್ತಿರ ಬೇಕು. 48 ಇಂಚು ಇಬ್ಬರನ್ನೂ ಸಮಾಧಾನ ಮಾಡುವ ಮಧ್ಯದ ದಾರಿ. ಹೊಗೆಯಿಲ್ಲದ ಈಗಿನ ಮದ್ದನ್ನು ಮಾತ್ರ ಇವುಗಳಿಗೆ ಹಾಕುವಂತೆಯೇ ಇಲ್ಲ, ಕೈಯೇ ಹೋಗುತ್ತದೆ.

ನನ್ನದರಲ್ಲಿ ಮದ್ದೇ ಇಲ್ಲ. ಸ್ಪ್ರಿಂಗೇ ಮದ್ದು. ಅದರ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿದೆ, ನಾನು ಗುಂಡು ಆರಿಸಿದರೆ ಸಾಕು ಅಂದುಕೊಂಡೆ. ಎಡವಿದ್ದು ಅಲ್ಲೇ.

ನಾಲ್ಕು ಡಬ್ಬ ತಂದೆ. ಹೆಸರು ಬೇಡ, ಡಬ್ಬದ ಬಣ್ಣ ಹೇಳುತ್ತೇನೆ. ಕೆಂಪು, ಅಗ್ಗದ್ದು, ಚಪ್ಪಟೆ ತಲೆ. ನೀಲಿ, ದುಬಾರಿ, ಅದೂ ಚಪ್ಪಟೆ ತಲೆ. ಹಳದಿ, ದುಂಡು ತಲೆ, ಸ್ವಲ್ಪ ಭಾರ. ಹಸಿರು, ಚೂಪು ತಲೆ. ಎಲ್ಲದರ ಆಕಾರವೂ ಒಂದೇ ಜಾತಿ: ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಲಂಗ. ಗಾಳಿ ತಳ್ಳಿದಾಗ ಲಂಗ ಅಗಲವಾಗಿ ನಳಿಗೆಗೆ ಒತ್ತಿಕೊಳ್ಳುತ್ತದೆ. ಬಾಯಿ ತುಂಬುವ ಕೋವಿಯಲ್ಲಿ ಎಣ್ಣೆಬಟ್ಟೆ ಮಾಡುವ ಕೆಲಸ ಇಲ್ಲಿ ಲಂಗದ್ದು.

ಗುಂಡು ಹಿಡಿಯಲು ಭಾವ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಒಳಗೆ 45 ಡಿಗ್ರಿ ಓರೆಯಾಗಿ ಬೆಸೆದ ಕಬ್ಬಿಣದ ಶೀಟು, ಕೆಳಗೆ ಹಳೆ ಬಟ್ಟೆ. ಗುಂಡು ಶೀಟಿಗೆ ಬಡಿದು ಕೆಳಗೆ ಬೀಳುತ್ತದೆ, ವಾಪಸ್ ಬರುವುದಿಲ್ಲ. ಆದರೂ ಕನ್ನಡಕ ಇಬ್ಬರಿಗೂ ಕಡ್ಡಾಯ. ಸೀಸ ಮುಟ್ಟಿದ ಕೈಯಲ್ಲಿ ಟೀ ಲೋಟ ಮುಟ್ಟುವಂತಿಲ್ಲ, ಮೊದಲು ಸೋಪು. ಬಂದೂಕು ಊರಲು ಮರಳಿನ ಚೀಲ ಹುಡುಕುತ್ತಿದ್ದೆ. ಅಕ್ಕ ಒಂದು ದಿಂಬಿನ ಕವರಿಗೆ ಮೂರು ಕೆಜಿ ರಾಗಿ ತುಂಬಿ ಹೊಲಿದು ಕಳಿಸಿದಳು. ಮರಳಿಗಿಂತ ಚೆನ್ನಾಗಿ ಕೂರುತ್ತದೆ. ಧೂಳೂ ಇಲ್ಲ.

ಮೊದಲ ಭಾನುವಾರ. ಪ್ರತಿ ಡಬ್ಬದಿಂದ ಐದು ಏಟು. ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು, ಅದರಲ್ಲಿ 4.5 ಮಿ.ಮೀ. ಕಳೆದರೆ ನಡುವಿನಿಂದ ನಡುವಿಗೆ ಅಳತೆ ಸಿಗುತ್ತದೆ. ಮಿ.ಮೀ. ಲೆಕ್ಕದಲ್ಲಿ ಕೆಂಪು 31, ನೀಲಿ 14, ಹಳದಿ 27, ಹಸಿರು 36. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು, ನೀಲಿಯೇ ಎಂದು ನಿರ್ಧರಿಸಿ, ದಾರಿಯಲ್ಲಿ ದೋಸೆ ತಿಂದು ಮನೆಗೆ ಹೋದೆ.

ಎರಡನೇ ಭಾನುವಾರ ಸುಮ್ನೆ ಖುಷಿಗೆ ನೀಲಿಯನ್ನೇ ಮತ್ತೆ ಹೊಡೆದೆ. 33. ಇನ್ನೊಮ್ಮೆ. 29. ಹಳದಿ ಹೊಡೆದರೆ 16! ವಾರದ ಹಿಂದಿನ ವಿಜಯ ಅಲ್ಲೇ ನೆಲಕಚ್ಚಿತು.

ಇದರಲ್ಲಿ ಸ್ವಲ್ಪ ಪಾಲು ಬರೀ ಅದೃಷ್ಟದ್ದು. ಎಲ್ಲ ಸರಿ ಇರುವ ಬಂದೂಕಿನಲ್ಲೂ ಒಂದೇ ಗುಂಡಿನ ಐದು ಏಟಿನ ಗುಂಪು ಕಾಲು ಭಾಗದಷ್ಟು ಆಚೀಚೆ ಹೋಗುವುದು ಮಾಮೂಲಿ. ಆದರೆ 14 ಮತ್ತು 33? ಅದು ಕಾಲು ಭಾಗವಲ್ಲ.

ನಾನು ಕಾಗದ ನೋಡುತ್ತ ಕೂತಿದ್ದೆ. ಭಾವ ಬಂದೂಕು ಎತ್ತಿಕೊಂಡರು. ಒಂದು ಕೈಯಲ್ಲಿ ಮರದ ಹಿಡಿ, ಇನ್ನೊಂದರಲ್ಲಿ ನಳಿಗೆ ಹಿಡಿದು ಮೆಲ್ಲಗೆ ತಿರುಚಿದರು. ಟಿಕ್ ಅಂತು.

"ಏನೋ, ಹಾಲುಹಲ್ಲು ಅಲುಗಿದ ಹಾಗೆ ಅಲುಗ್ತಾ ಇದೆಯಲ್ಲೋ ಇದು. ಇದನ್ನ ಬಿಟ್ಟು ಡಬ್ಬ ಬದಲಾಯಿಸ್ತಾ ಕೂತಿದ್ದೀಯಾ?"

ಮುಂದಿನ ಎರಡು ಸ್ಕ್ರೂ ಸಡಿಲ. ಒಂದು ಅರ್ಧ ಸುತ್ತು, ಇನ್ನೊಂದು ಹತ್ತಿರ ಹತ್ತಿರ ಒಂದು ಸುತ್ತು. ಸ್ಪ್ರಿಂಗ್ ಬಂದೂಕಿನ ಒದೆತ ವಿಚಿತ್ರ. ಒಳಗಿನ ಪಿಸ್ಟನ್ ಮುಂದೆ ಹಾರಿದಾಗ ಬಂದೂಕು ಹಿಂದಕ್ಕೆ ಬರುತ್ತದೆ, ಪಿಸ್ಟನ್ ಕೊನೆ ಮುಟ್ಟಿದಾಗ ಮುಂದಕ್ಕೆ ಎಗರುತ್ತದೆ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ಕುಣಿತ ಶುರುವಾಗಿರುತ್ತದೆ. ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳುವುದಕ್ಕೂ ಇದೇ ಕಾರಣ. ಬಂದೂಕನ್ನು ಬಿಗಿಯಾಗಿ ಹಿಡಿಯಬಾರದು, ಗಟ್ಟಿ ವಸ್ತುವಿನ ಮೇಲೆ ನೇರವಾಗಿ ಇಡಬಾರದು ಎನ್ನುವುದೂ ಇದಕ್ಕೇ. ರಾಗಿ ಚೀಲದ ಮೇಲೆ ಅಂಗೈ, ಅಂಗೈ ಮೇಲೆ ಬಂದೂಕು. ಕುಣಿಯುವುದಾದರೆ ಪ್ರತಿ ಸಲ ಒಂದೇ ಥರ ಕುಣಿಯಲಿ ಅಂತ.

ಸ್ಕ್ರೂ ಬಿಚ್ಚಿ, ಪೆಟ್ರೋಲಿನಲ್ಲಿ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕರ್ ಅಂಟು ಒಂದೊಂದು ಹನಿ ಹಾಕಿ ಬಿಗಿದೆವು. ಕಳಚಲು ಬರುವ ನೀಲಿಯದ್ದು, ಕೆಂಪು ಹಾಕಿದರೆ ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಆಮೇಲೆ ನೀಲಿ ಡಬ್ಬ 21, 19. ಹಳದಿ 20, 24. ಸುಧಾರಿಸಿತು. ಆದರೆ ಪ್ರತಿ ಗುಂಪಿನಲ್ಲೂ ಒಂದೋ ಎರಡೋ ಏಟು ಕೆಳಗೆ ಬೀಳುತ್ತಿದ್ದವು. ಪಕ್ಕಕ್ಕಲ್ಲ, ಬರೀ ಕೆಳಗೆ. ಬರೀ ಕೆಳಗೆ ಅಂದರೆ ವೇಗದ ತಕರಾರು.

ವೇಗ ಅಳೆಯುವ ಯಂತ್ರ ಕೊಳ್ಳುವಷ್ಟು ದುಡ್ಡು ಇದಕ್ಕೆ ಹಾಕುವ ಮನಸ್ಸಿರಲಿಲ್ಲ. ಎಸ್.ಪಿ. ರಸ್ತೆಗೆ ಹೋಗಿ ಎರಡು ಜೊತೆ ಇನ್‌ಫ್ರಾರೆಡ್ ಎಲ್‌ಇಡಿ, ಫೋಟೋ ಡಯೋಡು, ಒಂದು ಮೈಕ್ರೋಕಂಟ್ರೋಲರ್ ಬೋರ್ಡು ತಂದೆ. ಪ್ಲಾಸ್ಟಿಕ್ ಪೈಪಿನಲ್ಲಿ ಸರಿಯಾಗಿ 300 ಮಿ.ಮೀ. ಅಂತರಕ್ಕೆ ತೂತು ಕೊರೆದು ಕೂರಿಸಿದೆ. ಗುಂಡು ಮೊದಲ ಕಿರಣ ತಡೆದಾಗ ಗಡಿಯಾರ ಶುರು, ಎರಡನೆಯದನ್ನು ತಡೆದಾಗ ನಿಲ್ಲುತ್ತದೆ. ಸೆಕೆಂಡಿಗೆ 150 ಮೀಟರ್ ವೇಗವಾದರೆ ನಡುವಿನ ಹೊತ್ತು 2000 ಮೈಕ್ರೋಸೆಕೆಂಡು. ಬೋರ್ಡು 4 ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಎಣಿಸುತ್ತದೆ, ಹಾಗಾಗಿ ನನಗೆ ಧಾರಾಳ ಸಾಕು.

ಮೊದಲ ಏಟಿಗೆ ಸೆಕೆಂಡಿಗೆ 900 ಮೀಟರ್ ಅಂತು. ಶಬ್ದಕ್ಕಿಂತ ಎರಡೂವರೆ ಪಟ್ಟು! ಭಾವ ಬಿದ್ದು ಬಿದ್ದು ನಕ್ಕರು. ಎರಡನೇ ಸಲ ಗುಂಡು ಹಾರಿಸದೆಯೇ ಅಂಕಿ ಬಂತು. ತಪ್ಪು ಶೆಡ್ಡಿನ ಟ್ಯೂಬ್‌ಲೈಟಿನದ್ದು. ಹಳೆ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಕಾಣದಿದ್ದರೂ ಡಯೋಡಿಗೆ ಕಾಣುತ್ತದೆ. ಪೈಪಿಗೆ ಒಳಗೂ ಹೊರಗೂ ಕಪ್ಪು ಕಾಗದ ಸುತ್ತಿ, ಅದರ ಹತ್ತಿರದ ದೀಪ ಆರಿಸಿದ ಮೇಲೆ ತೆಪ್ಪಗಾಯಿತು.

ನೀಲಿ ಡಬ್ಬದ ಹತ್ತು ಏಟು: ಕಡಿಮೆಯದ್ದು 127, ಜಾಸ್ತಿಯದ್ದು 151. ಹತ್ತು ಮೀಟರ್ ಹೋಗುವಷ್ಟರಲ್ಲಿ 127ರ ಗುಂಡು ಸುಮಾರು 30 ಮಿ.ಮೀ. ಬೀಳುತ್ತದೆ, 151ರದ್ದು 21ರಿಂದ 22. ಅಂದರೆ ಕಾಗದದ ಮೇಲೆ ಹತ್ತಿರ ಹತ್ತಿರ 9 ಮಿ.ಮೀ. ವ್ಯತ್ಯಾಸ ಗುಂಡು ಮುಟ್ಟುವ ಮೊದಲೇ ಬರೆದಾಗಿದೆ. ಯಾವ ಡಬ್ಬ ತಂದರೂ ಇದು ಹೋಗುವುದಿಲ್ಲ. ಅಜ್ಜನ ಬಿದಿರಿನ ತಳ ತೂತಾಗಿದ್ದರೆ ಹೇಗಿರುತ್ತಿತ್ತೋ ಹಾಗೆ. ಒಂದು ಸಲ ತುಂಬ, ಒಂದು ಸಲ ಮುಕ್ಕಾಲು.

ಎಲ್ಲೋ ಗಾಳಿ ಸೋರುತ್ತಿರಬೇಕು. ಸೋರಿಕೆ ಹುಡುಕಲು ಒಂದು ಸುಲಭ ಉಪಾಯ ಇದೆ. ನಳಿಗೆ ಮಡಚುವ ಕೀಲಿನ ಮೇಲೆ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಹೊಡೆಯಿರಿ. ಸೀಲ್ ಸರಿ ಇದ್ದರೆ ಪಟ್ಟಿ ಅಲುಗುವುದಿಲ್ಲ. ನಮ್ಮದು ಹಾರಿ ಲೇತಿನ ಮೇಲೆ ಬಿತ್ತು.

ಸೀಲ್ ಎಂದರೆ ತೊಗಲಿನ ಒಂದು ಪುಟ್ಟ ಬಳೆ. ಒಣಗಿ ಹಪ್ಪಳ ಆಗಿತ್ತು. ಸೂಜಿಯಿಂದ ಚುಚ್ಚಿ ತೆಗೆಯುವಾಗ ಪುಡಿಪುಡಿ. ಯಶವಂತಪುರ ಮಾರುಕಟ್ಟೆಯ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರನ್ನು ಕೇಳಿದೆ. ಬೆಲ್ಟಿನ ತುಂಡೊಂದು ಕೊಟ್ಟರು, ಇಪ್ಪತ್ತು ರೂಪಾಯಿ. ಯಾಕೆ ಅಂತ ಕೇಳಿದ್ದಕ್ಕೆ ಹೇಳಿದೆ. ನಂಬಲಿಲ್ಲ ಅನ್ನಿಸುತ್ತದೆ. ಭಾವನ ಪಂಚಿನಲ್ಲಿ ಹೊರಗಿನ ಸುತ್ತು, ಒಳಗಿನ ತೂತು ಹೊಡೆದೆವು. ಮೊದಲನೆಯದು ತೆಳು, ಕೀಲಿಗೆ ಮುಟ್ಟಲೇ ಇಲ್ಲ. ಎರಡನೆಯದು ದಪ್ಪ, ನಳಿಗೆ ಮುಚ್ಚಲೇ ಇಲ್ಲ. ಮೂರನೆಯದನ್ನು ಉಜ್ಜುಕಾಗದದಲ್ಲಿ ಉಜ್ಜಿ, ಗುಳಿಯಿಂದ ಉಗುರಿನಂಚಿನಷ್ಟು ಮೇಲೆ ನಿಲ್ಲುವ ಹಾಗೆ ಮಾಡಿದೆ. ಮುಚ್ಚುವಾಗ ಸ್ವಲ್ಪ ಒತ್ತಡ ಕೈಗೆ ಗೊತ್ತಾಗಬೇಕು, ಅಷ್ಟೇ.

ಇಲ್ಲಿ ಎರಡು ತಪ್ಪು ಮಾಡಿದೆ. ತೊಗಲು ಮೆತ್ತಗಾಗಲಿ ಎಂದು ಮಿಷಿನ್ ಎಣ್ಣೆ ಜಾಸ್ತಿ ಬಿಟ್ಟೆ. ಮೊದಲ ಏಟಿಗೆ ನಳಿಗೆಯಿಂದ ಹೊಗೆ, ಪಟಾಕಿ ವಾಸನೆ, ವೇಗ 190. ಒತ್ತಡಕ್ಕೆ ಗಾಳಿ ಬಿಸಿಯಾಗಿ ಎಣ್ಣೆಯೇ ಹೊತ್ತಿಕೊಳ್ಳುತ್ತಿತ್ತು, ಡೀಸೆಲ್ ಎಂಜಿನ್ನಿನ ಹಾಗೆ. ಇದು ಸ್ಪ್ರಿಂಗಿಗೂ ಸೀಲಿಗೂ ಒಳ್ಳೆಯದಲ್ಲ. ಆ ಎಣ್ಣೆ ಉರಿದು ತೀರಲು ಇಪ್ಪತ್ತೈದು ಏಟು ಬೇಕಾಯಿತು.

ಎರಡನೇ ತಪ್ಪು ಇನ್ನೂ ಬೇಸರದ್ದು. ಕೈ ಬಿಡುವಿದೆ ಎಂದು ಅವತ್ತೇ ನಳಿಗೆಯ ಬಾಯಂಚನ್ನೂ ಸರಿ ಮಾಡಿಬಿಟ್ಟೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಾಯೊಳಗೆ ಇಟ್ಟು ಹೊರಗೆ ಎಳೆದರೆ ಒಂದು ಕಡೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಮುಳ್ಳು ಎದ್ದಿದೆ ಎಂದರ್ಥ. ಗುಂಡು ಹೊರಬೀಳುವ ಕೊನೆಯ ಗಳಿಗೆಯಲ್ಲಿ ಅದೇ ಜಾಗ ಅದನ್ನು ಒಂದು ಕಡೆಗೆ ತಳ್ಳುತ್ತದೆ. ನಳಿಗೆಯೊಳಗೆ ಗ್ರೀಸು ಹಚ್ಚಿದ ಹತ್ತಿ ತುರುಕಿ, ದುಂಡು ತಲೆಯ ಹಿತ್ತಾಳೆ ಸ್ಕ್ರೂವನ್ನು ಡ್ರಿಲ್ಲಿಗೆ ಸಿಕ್ಕಿಸಿ, ತಲೆಗೆ ಗ್ಯಾರೇಜಿನ ವಾಲ್ವ್ ಉಜ್ಜುವ ಪೇಸ್ಟು ಹಚ್ಚಿ, ಡ್ರಿಲ್ಲನ್ನು ನಿಧಾನವಾಗಿ ಸುತ್ತಲೂ ಓಲಾಡಿಸುತ್ತ ತಿರುಗಿಸಿದೆ. ಎರಡು ನಿಮಿಷ. ಬಾಯಂಚಿನಲ್ಲಿ ಸಮನಾದ ಹೊಳೆಯುವ ಉಂಗುರ ಬಂತು. ಹತ್ತಿಯನ್ನು ಹೊರಗೆ ತಳ್ಳಿ, ಪೇಸ್ಟಿನ ಒಂದು ಕಣವೂ ಉಳಿಯದಂತೆ ಒರೆಸಿದೆ.

ಗುಂಪು ಚೆನ್ನಾಗಿ ಕುಗ್ಗಿತು. ಸೀಲಿನಿಂದಲೋ ಬಾಯಂಚಿನಿಂದಲೋ? ಹೇಳಲು ಬರುವುದಿಲ್ಲ, ಎರಡನ್ನೂ ಒಟ್ಟಿಗೆ ಮಾಡಿಬಿಟ್ಟಿದ್ದೆ. ವೇಗದ ಶ್ರೇಯಸ್ಸು ಮಾತ್ರ ಖಂಡಿತ ಸೀಲಿನದ್ದು: ಹತ್ತು ಏಟು 158ರಿಂದ 164ರ ಒಳಗೆ. ಬೀಳುವ ವ್ಯತ್ಯಾಸ ಈಗ ಒಂದೂವರೆ ಮಿ.ಮೀ.ಗೂ ಕಡಿಮೆ. ಶಕ್ತಿ 7 ಜೂಲಿನ ಹತ್ತಿರ. ಅಳತೆಯ ಬಿದಿರು ರಿಪೇರಿ ಆಯಿತು.

ಇನ್ನು ನಿಜವಾದ ಪರೀಕ್ಷೆ. ಈ ಸಲ ಡಬ್ಬಕ್ಕೆ ಹತ್ತು ಏಟಿನ ಮೂರು ಗುಂಪು. ಹತ್ತು ಏಟಿನ ಗುಂಪು ಐದರದ್ದಕ್ಕಿಂತ ಸರಾಸರಿ ಕಾಲು ಭಾಗ ದೊಡ್ಡದಾಗಿಯೇ ಬರುತ್ತದೆ, ಹಾಗಾಗಿ ಹಳೆಯ ಸಂಖ್ಯೆಗಳ ಜೊತೆ ನೇರ ಹೋಲಿಸಬಾರದು. ನಾಲ್ಕು ಬಣ್ಣದ ಚೀಟಿ ಎತ್ತಿ ಸರದಿ ಗೊತ್ತು ಮಾಡಿದೆವು. ಒಂದೇ ಡಬ್ಬ ಸತತ ಹೊಡೆದರೆ ಕೊನೆಗೆ ಬಂದ ಡಬ್ಬಕ್ಕೆ ನನ್ನ ಸುಸ್ತಿನ ಶಿಕ್ಷೆ ಬೀಳುತ್ತದೆ. ಡಬ್ಬ ಬದಲಿಸಿದಾಗಲೆಲ್ಲ ಮೊದಲ ಕೆಲವು ಏಟು ಲೆಕ್ಕಕ್ಕಿಲ್ಲ. ಹಿಂದಿನ ಗುಂಡಿನ ಸೀಸ ನಳಿಗೆಗೆ ಮೆತ್ತಿರುತ್ತದೆ, ಹೊಸದು ತನ್ನದನ್ನು ಮೆತ್ತಬೇಕು. ಎಲ್ಲ ಸೇರಿ ಇನ್ನೂರರ ಮೇಲೆ ಏಟು, ಎರಡು ಭಾನುವಾರ. ಪ್ರತಿ ಸಲ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯಬೇಕಲ್ಲ. ಸೋಮವಾರ ಆಫೀಸಿನಲ್ಲಿ ಬಲಗೈಯಲ್ಲಿ ಮೌಸ್ ಹಿಡಿಯಲು ಆಗಲಿಲ್ಲ.

ಕೈಗೆ ಮೊದಲೇ ಕೆಲವು ವಿಷಯ ಗೊತ್ತಾದವು. ಕೆಂಪು ಡಬ್ಬದ ಕೆಲವು ಗುಂಡು ನಳಿಗೆಯೊಳಗೆ ತಾವಾಗಿಯೇ ಜಾರಿ ಬೀಳುತ್ತಿದ್ದವು, ಕೆಲವಕ್ಕೆ ಹೆಬ್ಬೆರಳು ನೋಯುವಷ್ಟು ಒತ್ತಬೇಕಿತ್ತು. ನೀಲಿ, ಹಳದಿ ಎರಡೂ ಪ್ರತಿ ಸಲ ಒಂದೇ ಒತ್ತಡ. ನಗರ್ತಪೇಟೆಯಿಂದ ಅಕ್ಕಸಾಲಿಗರ ಪುಟ್ಟ ತಕ್ಕಡಿ ತಂದಿದ್ದೆ, ಮಿಲಿಗ್ರಾಂ ತೋರಿಸುವಂಥದ್ದು. ಫ್ಯಾನ್ ಆರಿಸಿಯೇ ತೂಗಬೇಕು, ಇಲ್ಲದಿದ್ದರೆ ಅಂಕಿ ನಿಲ್ಲುವುದಿಲ್ಲ. ಕೆಂಪು 0.49 ಗ್ರಾಂನಿಂದ 0.56ರ ತನಕ. ನೀಲಿ 0.525ರಿಂದ 0.535.

ಸರಾಸರಿ ಹೀಗೆ ಬಂತು. ಹಳದಿ 13 ಮಿ.ಮೀ., ನೀಲಿ ಹದಿಮೂರೂವರೆ, ಕೆಂಪು 19, ಹಸಿರು 24. ಹಳದಿ ಗೆದ್ದಿತು ಎಂದು ಹೇಳಲು ನಾಲಿಗೆ ತುದಿಯಲ್ಲಿದೆ, ಆದರೆ ಅರ್ಧ ಮಿ.ಮೀ.ಗೆ ಅರ್ಥವೇ ಇಲ್ಲ. ಇಬ್ಬರೂ ಸಮ. ನಾನು ನೀಲಿ ಇಟ್ಟುಕೊಂಡೆ. ಚಪ್ಪಟೆ ತಲೆ ಕಾಗದದಲ್ಲಿ ಪಂಚ್ ಹೊಡೆದ ಹಾಗೆ ದುಂಡನೆ ತೂತು ಮಾಡುತ್ತದೆ, ಅಳೆಯಲು ಸುಲಭ. ದುಂಡು ತಲೆ ಕಾಗದ ಹರಿಯುತ್ತದೆ. ಹಸಿರು ಚೂಪಿನ ತಲೆ ನೋಡಲು ಮಾತ್ರ ಚಂದ.

ಕೆಂಪನ್ನು ತೂಗಿ ಬೇರೆ ಮಾಡಿದರೆ ಹೇಗೆ ಎಂದು ಎರಡು ಗಂಟೆ ಕೂತು ನೂರು ಗುಂಡು ತೂಗಿದೆ. ಒಂದೇ ತೂಕದವು 16ಕ್ಕೆ ಇಳಿದವು. ಮೂರು ಮಿ.ಮೀ.ಗೆ ಎರಡು ಗಂಟೆ. ಆ ಹೊತ್ತಿನಲ್ಲಿ ನೀಲಿ ಡಬ್ಬಕ್ಕೆ ಬೇಕಾದ ದುಡ್ಡು ದುಡಿಯಬಹುದು. ಕೆಲವರು ಗುಂಡು ತೊಳೆದು ಎಣ್ಣೆ ಸವರುತ್ತಾರೆ. ಅದನ್ನೂ ಮಾಡಿದೆ. ನನ್ನ ಕಾಗದದಲ್ಲಿ ಏನೂ ಕಾಣಲಿಲ್ಲ.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಹತ್ತು ಮೀಟರ್ ದೂರಕ್ಕೆ, ಇದೇ 4.5 ಮಿ.ಮೀ. ಗುಂಡಿನಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿ.ಮೀ. ಅಗಲ. ನಮ್ಮ ಬಂದೂಕಿಗೆ ಆ ಚುಕ್ಕಿ ತೋರಿಸುವುದೇ ಅವಮಾನ. ನಾನು ಐವತ್ತು ಪೈಸೆ ನಾಣ್ಯ ಇಟ್ಟು ಸುತ್ತ ಪೆನ್ನಿನಲ್ಲಿ ಗೆರೆ ಎಳೆದ ವೃತ್ತಕ್ಕೆ ಹೊಡೆಯುತ್ತೇನೆ. ಹತ್ತಕ್ಕೆ ಹತ್ತೂ ಒಳಗೆ ಬೀಳುತ್ತವೆ, ಟೀ ಕುಡಿದು ಬಂದ ತಕ್ಷಣ ಹೊಡೆಯದಿದ್ದರೆ.

ಕಳೆದ ವಾರ ನೀಲಿಯ ಇನ್ನೂ ಮೂರು ಡಬ್ಬ ತಂದೆ. ಮನೆಗೆ ಬಂದು ತಿರುಗಿಸಿ ನೋಡಿದರೆ ಎರಡರ ತಳದಲ್ಲಿ ಹಳೆಯ ಬ್ಯಾಚ್ ಸಂಖ್ಯೆಯೇ, ಮೂರನೆಯದರಲ್ಲಿ ಬೇರೆ. ಅದೇ ಹೆಸರು, ಅದೇ ಬಣ್ಣ, ಅದೇ ಬೆಲೆ. ಮೂರು ಗುಂಪು ಹೊಡೆದೆ: 18, 20, 19. ಆ ಡಬ್ಬದ ಮುಚ್ಚಳದ ಮೇಲೆ ಮಾರ್ಕರಿನಲ್ಲಿ "ಭಾವನಿಗೆ" ಅಂತ ಬರೆದು ಶೆಡ್ಡಿನ ಕಿಟಕಿಯಲ್ಲಿ ಇಟ್ಟು ಬಂದೆ.